ದುಬಾರಿ ಪ್ಲಾಸ್ಟಿಕ್‌ನ ಡಿಸ್ಕ್ ಹೆಚ್ಚು ದೂರ ಹಾರುತ್ತದೆಯೇ?

ಅಮೆರಿಕದಲ್ಲಿರುವ ಓದುಗರೊಬ್ಬರು ನಮಗೆ ಎರಡು ಡಿಸ್ಕ್‌ಗಳ ಫೋಟೊ ಕಳಿಸಿದ್ದರು. ಒಂದೇ ಕಂಪನಿ, ಒಂದೇ ಮಾಡೆಲ್, ತೂಕವೂ ಹೆಚ್ಚುಕಡಿಮೆ ಒಂದೇ. ಒಂದರ ಬೆಲೆ ಹತ್ತು ಡಾಲರಿನ ಆಸುಪಾಸು, ಇನ್ನೊಂದರದು ಇಪ್ಪತ್ತರ ಹತ್ತಿರ. ‘ಪ್ರೀಮಿಯಂ ಪ್ಲಾಸ್ಟಿಕ್ ಆದರೆ ಜಾಸ್ತಿ ದೂರ ಹೋಗುತ್ತೆ ಅಂತ ಗ್ರೂಪಿನಲ್ಲಿ ಫಾರ್ವರ್ಡ್ ಬಂತು, ನಂಬಿ ತಗೊಂಡೆ. ಆದರೆ ಹನ್ನೆರಡು ವರ್ಷದ ಮಗಳು ಎಸೆದರೆ ಅಗ್ಗದ್ದೇ ದೂರ ಹೋಗುತ್ತೆ. ದುಬಾರಿಯದು ಎಡಕ್ಕೆ ತಿರುಗಿ ದೊಪ್ಪನೆ ಬೀಳುತ್ತೆ. ತನ್ನ ಕೈಯಲ್ಲಿ ಬಲವೇ ಇಲ್ಲ ಅಂತ ಅವಳು ಆಟ ಬಿಡ್ತೀನಿ ಅಂತಿದ್ದಾಳೆ. ಇದೇನು ನಕಲಿ ಮಾಲೇ?’

ನಕಲಿ ಅಲ್ಲ. ಮಗಳ ಕೈಯಲ್ಲೂ ದೋಷವಿಲ್ಲ. ತಪ್ಪಿರುವುದು ಆ ಫಾರ್ವರ್ಡ್‌ನಲ್ಲಿ. ಅದೂ ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ನಮ್ಮ ಅನುಭವದಲ್ಲಿ ಅರ್ಧ ಸತ್ಯಗಳೇ ಹೆಚ್ಚು ಕೈ ದಾಟುತ್ತವೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಿಸ್ಕ್ ಗಾಲ್ಫ್‌ನಲ್ಲಿ ಚೆಂಡಿಲ್ಲ, ಕೋಲಿಲ್ಲ. ತಟ್ಟೆಯಂಥ ಡಿಸ್ಕನ್ನು ಎಸೆಯುತ್ತಾ ಹೋಗಿ, ಸರಪಳಿಗಳು ಜೋತಾಡುವ ಬುಟ್ಟಿಯೊಳಗೆ ಬೀಳಿಸಬೇಕು. ಎಷ್ಟು ಕಡಿಮೆ ಎಸೆತವೋ ಅಷ್ಟು ಒಳ್ಳೆಯದು. ಆ ಬುಟ್ಟಿಯನ್ನು ರೂಪಿಸಿದವರು ಎಡ್ ಹೆಡ್ರಿಕ್. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಅವರು ಮೊದಲ ಮೈದಾನ ಮಾಡಿದರು. ಮರುವರ್ಷ ಆಟದ ಸಂಘ ಪಿಡಿಜಿಎ ಹುಟ್ಟಿತು. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ, ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ಡಿಸ್ಕ್‌ಗಳನ್ನೇ ಮಾಡಿದರು. ಪ್ಲಾಸ್ಟಿಕ್ಕಿನ ಮೇಲೆ ಅಷ್ಟು ಪ್ರೀತಿ ಇರುವ ಆಟ ಇದು.

ಇದರಲ್ಲಿ ಬಹುದೂರಕ್ಕೆ ಎಸೆಯುವ ಡಿಸ್ಕ್‌ಗೆ ಡ್ರೈವರ್ ಎನ್ನುತ್ತಾರೆ. ನಾವು ಬೀಚಿನಲ್ಲಿ ಆಡುವ ಫ್ರಿಸ್ಬಿಗಿಂತ ಚಿಕ್ಕದು, ಅಂಚು ಅಗಲ, ಗಟ್ಟಿ, ಚೂಪು. ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ಹಾಗೆ ಮಾಡಿರುತ್ತಾರೆ.

ಈಗ ಹಾರಾಟಕ್ಕೆ ಬರೋಣ. ಬುಗುರಿ ವಾಲಿದಾಗ ತಟ್ಟನೆ ಬೀಳುವುದಿಲ್ಲ, ವಾಲಿದಂತೆಯೇ ಸುತ್ತು ಹಾಕುತ್ತದೆ. ಅಂದರೆ ತಿರುಗುವ ವಸ್ತುವನ್ನು ಒಂದು ಕಡೆಗೆ ದೂಡಿದರೆ ಅದು ಇನ್ನೊಂದು ಕಡೆಗೆ ಜರುಗುತ್ತದೆ. ಡಿಸ್ಕ್‌ನ ಕಥೆಯೂ ಅದೇ. ಬಲಗೈಯವರು ಹಿಂಗೈ ಎಸೆತ ಎಸೆದಾಗ, ವೇಗ ಜಾಸ್ತಿ ಇರುವಾಗ ಗಾಳಿಯ ಒತ್ತಡ ಡಿಸ್ಕ್‌ನ ಮೂತಿಯನ್ನು ಕೆಳಕ್ಕೆ ತಳ್ಳಲು ನೋಡುತ್ತದೆ. ಡಿಸ್ಕ್ ತಿರುಗುತ್ತಿರುವುದರಿಂದ ಅದು ಕೆಳಗೆ ಬಗ್ಗುವ ಬದಲು ಬಲಕ್ಕೆ ವಾಲುತ್ತದೆ. ವೇಗ ಇಳಿದ ಮೇಲೆ ಒತ್ತಡ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ, ಡಿಸ್ಕ್ ಎಡಕ್ಕೆ ವಾಲಿ ಇಳಿಯುತ್ತದೆ. ಮೊದಲು ಸ್ವಲ್ಪ ಬಲ, ಕೊನೆಗೆ ಎಡ. ಈ ಎರಡೂ ಸೇರಿದಾಗ ಡಿಸ್ಕ್ ಹಾವಿನಂತೆ ಹರಿದು ದೂರ ಹೋಗುತ್ತದೆ. ಮೊದಲನೆಯ ಭಾಗವೇ ಬಾರದಿದ್ದರೆ? ಕೈ ಬಿಟ್ಟ ಸ್ವಲ್ಪ ಹೊತ್ತಿಗೇ ಎಡಕ್ಕೆ ಕುಸಿಯುತ್ತದೆ. ಹುಡುಗಿಯ ಡಿಸ್ಕ್‌ಗೆ ಆದದ್ದು ಇದೇ.

ನುರಿತ ಆಟಗಾರರ ಎಸೆತ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಹನ್ನೆರಡು ವರ್ಷದ ಮಗುವಿಗೆ, ಹಾಗೇ ನೋಡಿದರೆ ನಮಗೂ ನಿಮಗೂ, ಆ ವೇಗ ಬರುವುದಿಲ್ಲ. ಹಾಗಿದ್ದರೂ ಅಗ್ಗದ ಡಿಸ್ಕ್ ಹೇಗೆ ದೂರ ಹೋಯಿತು? ಪ್ಲಾಸ್ಟಿಕ್ ಆಟಕ್ಕಿಳಿಯುವುದು ಇಲ್ಲಿ.

ಅಗ್ಗದ ಡಿಸ್ಕ್‌ಗಳನ್ನು ಸಾಧಾರಣ ದರ್ಜೆಯ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಇನ್ನೋವಾ ಕಂಪನಿಯಲ್ಲಿ ಅದಕ್ಕೆ ಡಿಎಕ್ಸ್ ಎಂದು ಹೆಸರು. ಅದೇ ಕಂಪನಿಯ ಚಾಂಪಿಯನ್, ಸ್ಟಾರ್ ದುಬಾರಿ ದರ್ಜೆಯವು. ಡಿಸ್ಕ್ರಾಫ್ಟ್‌ನಲ್ಲಿ ಜೀ, ಇಎಸ್‌ಪಿ. ನಿಖರವಾದ ಪಾಕವನ್ನು ಯಾವ ಕಂಪನಿಯೂ ಬಿಟ್ಟುಕೊಡುವುದಿಲ್ಲ. ಆದರೆ ದುಬಾರಿ ದರ್ಜೆಗಳು ಸಾಮಾನ್ಯವಾಗಿ ಪಾಲಿಯುರೆಥೇನ್ ಬಳಗಕ್ಕೆ ಸೇರಿದವು. ಇದೇನೂ ನಿಮಗೆ ಅಪರಿಚಿತವಲ್ಲ. ನಿಮ್ಮ ಫೋನಿನ ಬಾಗುವ ಪಾರದರ್ಶಕ ಕವರಿನ ಡಬ್ಬಿಯ ಮೇಲೆ ಟಿಪಿಯು ಎಂದು ಬರೆದಿದ್ದರೆ, ಅದೂ ಇದೇ ಬಳಗದ್ದು. ಎಳೆದರೂ ಕೆಡವಿದರೂ ಜಗ್ಗದ ವಸ್ತು.

ಡಿಸ್ಕ್ ಮಾಡುವಾಗ ಕರಗಿದ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿಗೆ ಒತ್ತಿ ತುಂಬುತ್ತಾರೆ. ಒಂದೇ ಇಡ್ಲಿ ತಟ್ಟೆಗೆ ಅಕ್ಕಿ ಹಿಟ್ಟು ಹುಯ್ದರೆ ಒಂದು ಉಬ್ಬು, ರವೆ ಹಿಟ್ಟು ಹುಯ್ದರೆ ಇನ್ನೊಂದು. ಪ್ಲಾಸ್ಟಿಕ್ ಉಬ್ಬುವುದಿಲ್ಲ, ಆರುವಾಗ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ, ಯಾವ ಭಾಗ ಮೊದಲು ಗಟ್ಟಿಯಾಗುತ್ತದೆ ಎನ್ನುವುದು ಪ್ಲಾಸ್ಟಿಕ್‌ನಿಂದ ಪ್ಲಾಸ್ಟಿಕ್‌ಗೆ ಬೇರೆ. ಹೀಗಾಗಿ ಒಂದೇ ಅಚ್ಚಿನಿಂದ ಬಂದರೂ ಒಂದರ ಮೇಲ್ಮೈ ಗುಮ್ಮಟದಂತೆ ಎದ್ದಿರುತ್ತದೆ, ಇನ್ನೊಂದರದು ಚಪ್ಪಟೆ. ಅಂಚಿನ ಚೂಪು ಗೆರೆ ಒಂದರಲ್ಲಿ ಕೂದಲೆಳೆಯಷ್ಟು ಮೇಲೆ, ಇನ್ನೊಂದರಲ್ಲಿ ಕೆಳಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ವ್ಯತ್ಯಾಸವನ್ನು ಗಾಳಿ ಕಂಡುಹಿಡಿಯುತ್ತದೆ. ಗೆರೆ ಮೇಲಿದ್ದಷ್ಟೂ ಡಿಸ್ಕ್ ಬಲಕ್ಕೆ ವಾಲಲು ಒಪ್ಪುವುದಿಲ್ಲ, ಎಡಕ್ಕೆ ಹಟ ಮಾಡುತ್ತದೆ. ದುಬಾರಿ ದರ್ಜೆಯ ಡ್ರೈವರ್‌ಗಳು, ಅದರಲ್ಲೂ ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್‌ನವು, ಸಾಮಾನ್ಯವಾಗಿ ಈ ಹಟಮಾರಿ ಗುಂಪಿಗೆ ಸೇರುತ್ತವೆ. ಒಂದೇ ಪ್ಲಾಸ್ಟಿಕ್‌ನಲ್ಲೂ ಈ ಕಂತಿಗೂ ಆ ಕಂತಿಗೂ ವ್ಯತ್ಯಾಸ ಬರುವುದುಂಟು. ಡಿಸ್ಕ್ ಮೇಲೆ ಅಚ್ಚಾಗಿರುವ ವೇಗ, ತೇಲು, ತಿರುವು, ಇಳಿತದ ನಾಲ್ಕು ಅಂಕಿಗಳು ಆ ಅಚ್ಚಿನ ಬಗ್ಗೆ ಕಂಪನಿಯೇ ಕೊಟ್ಟ ಅಂದಾಜು. ಪಿಡಿಜಿಎ ಅಳೆದು ಕೊಟ್ಟದ್ದಲ್ಲ.

ಅಂದರೆ, ಪ್ಲಾಸ್ಟಿಕ್ ತಾನಾಗಿ ಹಾರುವುದಿಲ್ಲ. ಹಾರುವುದು ಆಕಾರ. ಪ್ಲಾಸ್ಟಿಕ್ ಆ ಆಕಾರವನ್ನು ಕೊಂಚ ಬದಲಿಸುತ್ತದೆ, ಮತ್ತು ಅದು ಎಷ್ಟು ದಿನ ಉಳಿಯುತ್ತದೆ ಎಂದು ನಿರ್ಧರಿಸುತ್ತದೆ.

ಈ ಎರಡನೆಯದು ಬಹಳ ಮುಖ್ಯ. ಕ್ರಿಕೆಟ್ ನೋಡುವವರಿಗೆ ಹೊಸ ಚೆಂಡೇ ಬೇರೆ, ನಲವತ್ತು ಓವರ್ ಕಂಡ ಚೆಂಡೇ ಬೇರೆ ಎಂದು ವಿವರಿಸಬೇಕಿಲ್ಲ. ಡಿಸ್ಕ್ ಕೂಡ ಹಾಗೆ ಹಳತಾಗುತ್ತದೆ. ಮೈದಾನದ ತುಂಬ ಮರ, ಕಲ್ಲು. ಅಗ್ಗದ ಪ್ಲಾಸ್ಟಿಕ್ ಒಂದೆರಡು ತಿಂಗಳಲ್ಲೇ ಅಂಚು ಜಜ್ಜಿಸಿಕೊಂಡು ಮೊಂಡಾಗುತ್ತದೆ. ಹಾಗಾದಂತೆ ಅದರ ಹಟ ಕಡಿಮೆಯಾಗಿ, ಕಡಿಮೆ ವೇಗದಲ್ಲೂ ಬಲಕ್ಕೆ ವಾಲಲು ಶುರುಮಾಡುತ್ತದೆ. ನಮ್ಮ ಓದುಗರನ್ನು ವಿಚಾರಿಸಿದಾಗ ಗೊತ್ತಾಯಿತು: ಅಗ್ಗದ ಡಿಸ್ಕ್ ಒಂದು ಬೇಸಿಗೆಯಿಡೀ ಪಾರ್ಕಿನ ಓಕ್ ಮರಗಳಿಗೆ ಬಡಿದು ಬಂದದ್ದು. ದುಬಾರಿಯದು ಹೊಚ್ಚ ಹೊಸದು. ಮಗಳ ಕೈಗೆ ಒಗ್ಗಿದ್ದು ಆ ಪೆಟ್ಟು ತಿಂದ ಡಿಸ್ಕ್.

ಹಾಗಾದರೆ ದುಬಾರಿ ಡಿಸ್ಕ್‌ಗೆ ಕೊಟ್ಟ ದುಡ್ಡು ದಂಡವೇ? ಹಾಗಲ್ಲ. ವಾರಕ್ಕೆ ನಾಲ್ಕು ದಿನ ಆಡುವವರಿಗೆ, ಇವತ್ತು ಹಾರಿದಂತೆ ಆರು ತಿಂಗಳ ನಂತರವೂ ಹಾರಬೇಕು ಎನ್ನುವವರಿಗೆ ಅದು ಬೇಕು. ಅವರು ಕೊಳ್ಳುವುದು ದೂರವನ್ನಲ್ಲ, ಬಾಳಿಕೆಯನ್ನು.

ಹಿಡಿತದ ವಿಷಯದಲ್ಲಿ ದುಬಾರಿಯೇ ಮೇಲು ಎಂದು ಹೇಳಲಾಗದು. ನುಣುಪಾದ ಗಟ್ಟಿ ಪ್ಲಾಸ್ಟಿಕ್ ಮಳೆಯಲ್ಲಿ ಜಾರುತ್ತದೆ. ಜಾರಿದರೆ ಸುತ್ತು ಕಡಿಮೆ, ಸುತ್ತು ಕಡಿಮೆಯಾದರೆ ಡಿಸ್ಕ್ ಬೇಗ ಅಲುಗಾಡುತ್ತದೆ.

ಹವಾಮಾನದ್ದು ಇನ್ನೊಂದು ಗೊಂದಲ. ಚಳಿಗಾಲದಲ್ಲಿ ಪ್ಲಾಸ್ಟಿಕ್ ಬಿರುಸಾಗುವುದು ನಿಜ, ಅಗ್ಗದ್ದು ಮರಕ್ಕೆ ಬಡಿದು ಸೀಳುವುದೂ ನಿಜ. ಆದರೆ ದೂರ ಕಡಿಮೆಯಾದ ದೂರನ್ನು ಪೂರ್ತಿ ಪ್ಲಾಸ್ಟಿಕ್ ಮೇಲೆ ಹಾಕುವುದು ನ್ಯಾಯವಲ್ಲ. ಮೈನಸ್ 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು ಶೇ 15ರಷ್ಟು ಸಾಂದ್ರ. ಜೊತೆಗೆ ಮೂರು ಪದರ ಸ್ವೆಟರ್ ಹಾಕಿದ ಕೈ ಬೀಸುವುದೂ ಕಷ್ಟ.

ತೂಕವನ್ನು ಮಾತ್ರ ಮರೆಯಬೇಡಿ. ನಿಯಮದ ಪ್ರಕಾರ ಡಿಸ್ಕ್‌ನ ವ್ಯಾಸದ ಪ್ರತಿ ಸೆಂಟಿಮೀಟರಿಗೆ ಗರಿಷ್ಠ 8.3 ಗ್ರಾಂ. 21 ಸೆಂಟಿಮೀಟರಿನ ಡ್ರೈವರ್ 174 ಗ್ರಾಂವರೆಗೆ ತೂಗಬಹುದು. ಪಾಲಿಯುರೆಥೇನ್ ಸಾಂದ್ರ ವಸ್ತು, ಅದರಲ್ಲಿ ಹಗುರ ಡಿಸ್ಕ್ ಮಾಡುವುದು ಸುಲಭವಲ್ಲ. ಅದಕ್ಕೇ ಇನ್ನೋವಾದ ಬ್ಲಿಝಾರ್ಡ್ ಸರಣಿಯಲ್ಲಿ ಪ್ಲಾಸ್ಟಿಕ್‌ನೊಳಗೆ ಸಣ್ಣ ಗಾಳಿಗುಳ್ಳೆ ತುಂಬಿ ತೂಕ ಇಳಿಸಿದರು. ಮಕ್ಕಳಿಗೆ, ಹೊಸಬರಿಗೆ 150 ಗ್ರಾಂ ಆಸುಪಾಸಿನ, ಕಡಿಮೆ ವೇಗದ ಅಂಕಿಯ ಡಿಸ್ಕ್ ಸಾಕು. ಹಟಮಾರಿ ಡಿಸ್ಕನ್ನು ಹೇಗಾದರೂ ದೂರ ಕಳಿಸಬೇಕೆಂದು ಜೋರಾಗಿ ಬೀಸಿ ಬೀಸಿ ಭುಜ, ಮೊಣಕೈ, ಬೆನ್ನು ನೋಯಿಸಿಕೊಳ್ಳುವವರು ಈ ಆಟದಲ್ಲಿ ಕಡಿಮೆಯಿಲ್ಲ.

ನಿಮ್ಮ ಬಳಿ ಎರಡು ಡಿಸ್ಕ್ ಇದ್ದರೆ ನೀವೇ ಪರೀಕ್ಷಿಸಿ. ಎರಡನ್ನೂ ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಿಂದ ನೋಡಿ, ಯಾವುದು ಉಬ್ಬು, ಯಾವುದರ ಅಂಚು ಮೇಲೆ. ಗಾಳಿ ಬೀಸದ ಹೊತ್ತಿನಲ್ಲಿ ಒಂದಾದ ಮೇಲೊಂದರಂತೆ ಹತ್ತು ಹತ್ತು ಸಲ ಎಸೆಯಿರಿ. ಒಂದನ್ನೇ ಹತ್ತು ಸಲ ಎಸೆದು ಆಮೇಲೆ ಇನ್ನೊಂದನ್ನು ಎತ್ತಿಕೊಂಡರೆ, ದಣಿದ ಕೈ ಎರಡನೆಯದಕ್ಕೆ ಮೋಸ ಮಾಡುತ್ತದೆ. ಅತಿ ದೂರ ಹೋದ ಒಂದು ಎಸೆತದ ವಿಡಿಯೊ ಹಾಕಿ ‘ನೋಡಿ’ ಎನ್ನುವ ಫಾರ್ವರ್ಡ್‌ಗಳು ಉಳಿದ ಒಂಬತ್ತನ್ನು ತೋರಿಸುವುದಿಲ್ಲ.

ನಮ್ಮ ಓದುಗರ ಮಗಳು ಹೀಗೇ ಮಾಡಿ ಹಾಳೆಯಲ್ಲಿ ಬರೆದು ಕಳಿಸಿದಳು. ಅಗ್ಗದ್ದು ಹತ್ತರಲ್ಲಿ ಎಂಟು ಸಲ ಮುಂದೆ. ಕೆಳಗೆ ಅಪ್ಪನ ಲೆಕ್ಕವೂ ಇತ್ತು, ಅವರಿಗೂ ಅಗ್ಗದ್ದೇ ಮುಂದೆ, ಆರು ಸಲ.

ಊರಿಗೆ ಬರುವಾಗ ಅಣ್ಣನೋ ಮಾವನೋ ಇಂಥ ಡ್ರೈವರ್ ತಂದುಕೊಟ್ಟರೆ ಒಂದು ಎಚ್ಚರ. ಇದನ್ನು ಫ್ರಿಸ್ಬಿಯಂತೆ ಎದುರುಬದುರು ನಿಂತು ಹಿಡಿಯುವ ಆಟಕ್ಕೆ ಮಕ್ಕಳ ಕೈಗೆ ಕೊಡಬೇಡಿ. ಗಟ್ಟಿ ಅಂಚು ವೇಗವಾಗಿ ಬಂದು ಹಣೆಗೋ ಹಲ್ಲಿಗೋ ಬಡಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಅಗ್ಗದ್ದಾದರೂ ಅಷ್ಟೇ, ದುಬಾರಿಯದಾದರೂ ಅಷ್ಟೇ.