ಹಿಂದಿರುಗದ ಸುತ್ತಿಗೆ

ಕರಾವಳಿಯ ಮನೆಯೊಂದರಿಂದ ಆದವಾನಿ ಕಡೆಯ ನಮ್ಮ ದೇವಾಲಯಕ್ಕೆ ಹಳೆಯ ಪಿಯಾನೋ ಬಂದಿದೆ. ಬೇಸಿಗೆಯಲ್ಲಿ ತೊಂದರೆ ಕೊಡಲಿಲ್ಲ. ಮಳೆ ಹಿಡಿದ ವಾರ, ಭಾನುವಾರದ ಬಲಿಪೂಜೆಯಲ್ಲಿ, ನಡುವಣ ಮೂರು ಸ್ವರಗಳು ಒಮ್ಮೆ ನುಡಿದು ಸುಮ್ಮನಾದವು.

"ಫಾದರ್, ಎರಡು ತೊಟ್ಟು ಮಿಷನ್ ಎಣ್ಣೆ ಬಿಡಲೇ?" ಎಂದ ಗಾನವೃಂದದ ಹುಡುಗ. ಅವನ ಕೈ ಹಿಡಿದೆ. ಗುರುಮಠದಲ್ಲಿದ್ದಾಗ ಅದೇ ಕೆಲಸ ಮಾಡಿದವನು ನಾನು. ಕೆಲವು ದಿನ ಚೆನ್ನಾಗಿ ನುಡಿದ ವಾದ್ಯ ಮುಂದಿನ ಮಳೆಗಾಲಕ್ಕೆ ಅಂಟು ಹಿಡಿದು ಕೂತಿತು. ಯಾರು ಮಾಡಿದ್ದೆಂದು ರೆಕ್ಟರ್ ಕೇಳಿದಾಗ ಬಾಯಿ ಬಿಡಲಿಲ್ಲ.

ಕೀ ಒತ್ತಿದಾಗ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಬೀಳಬೇಕು. ಅದು ತಿರುಗುವುದು ಸುಮಾರು 1.25 ಮಿಲಿಮೀಟರ್ ದಪ್ಪದ ಲೋಹದ ಪಿನ್ನಿನ ಮೇಲೆ. ಪಿನ್ನಿನ ಎರಡೂ ತುದಿಗೆ ಉಣ್ಣೆಬಟ್ಟೆಯ ಒಳಪದರ. 88 ಸ್ವರಗಳ ನಿಲುವು ಪಿಯಾನೋದಲ್ಲಿ ಇಂಥ ಕೀಲುಗಳು ಮುನ್ನೂರಕ್ಕೂ ಹೆಚ್ಚು. ತೇವಕ್ಕೆ ಬಟ್ಟೆ ಉಬ್ಬುತ್ತದೆ, ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಎಣ್ಣೆ ಬಿಟ್ಟರೆ ಬಟ್ಟೆ ಅದನ್ನು ಹೀರಿ, ಧೂಳು ಸೇರಿಸಿ, ಜಿಡ್ಡುಗಟ್ಟುತ್ತದೆ.

ಕೀ ತಾನೇ ಬಿಗಿದಿದೆಯೋ, ಸುತ್ತಿಗೆಯೋ ಎಂದು ಮೊದಲು ನೋಡಿದೆವು. ಸುತ್ತಿಗೆಯೇ. ಆಲ್ಕೋಹಾಲಿಗೆ ತುಸು ನೀರು ಬೆರೆಸಿ, ಸೂಜಿಮೊನೆಯಿಂದ ಆ ಬಟ್ಟೆಗೆ ಮಾತ್ರ ಒಂದು ಹನಿ ಮುಟ್ಟಿಸಿ ಒಂದು ದಿನ ಬಿಟ್ಟೆವು. ಬಟ್ಟೆ ನೆನೆದು ಉಬ್ಬಿ ಪಿನ್ನಿಗೆ ಒತ್ತುತ್ತದೆ, ಒಣಗುವಾಗ ಕುಗ್ಗಿ ಜಾಗ ಬಿಡುತ್ತದೆ. ಎರಡು ಸ್ವರ ಬಂದವು. ಮೂರನೆಯದರ ಪಿನ್ನು ಹಸಿರುಗಟ್ಟಿದೆ. ಅದನ್ನು ಹೊರದೂಡಿ ಸರಿಯಳತೆಯ ಹೊಸದನ್ನೇ ಹಾಕಬೇಕು. ಸಡಿಲವಾದರೆ ಸುತ್ತಿಗೆ ಅಡ್ಡಾದಿಡ್ಡಿ ಬಡಿಯುತ್ತದೆ. ಅದು ಟ್ಯೂನರ್ ಕೆಲಸ, ನಮ್ಮದಲ್ಲ.

ಕಾಯುವಾಗ ಹುಡುಗನಿಗೆ ಗುರುಮಠದ ಕಥೆ ಹೇಳಿದೆ. "ರೆಕ್ಟರಿಗೆ ಆಮೇಲಾದರೂ ಹೇಳಿದಿರಾ ಫಾದರ್?" ಎಂದ. ಅವರು ತೀರಿಕೊಂಡಿದ್ದಾರೆ. ಟ್ಯೂನರ್ ಬರುವವರೆಗೆ ಅವನು ಆ ಒಂದು ಸ್ವರ ಬಿಟ್ಟು ನುಡಿಸುತ್ತಿದ್ದಾನೆ.