ನಿಂತರೆ ಬಳಲುವವಳು ಸೋಮಾರಿಯಲ್ಲ

“ಮಲಗಿದ್ದಾಗ ಚೆನ್ನಾಗಿಯೇ ಇರುತ್ತಾಳೆ, ಅಡುಗೆಮನೆಗೆ ಬಂದೊಡನೆ ಸುಸ್ತು ಶುರುವಾಗುತ್ತದೆ.” ಸೊಸೆಯ ಬಗ್ಗೆ, ಕೆಲವೊಮ್ಮೆ ಹೆತ್ತ ಮಗಳ ಬಗ್ಗೆಯೂ ಈ ಮಾತು ನಮ್ಮ ಬಿಳೇಕಹಳ್ಳಿಯ ಮನೆಗಳಲ್ಲಿ ಕೇಳಿಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ನಾರ್ಮಲ್. ಅಲ್ಲಿಗೆ ತೀರ್ಪು ಸಿದ್ಧ: ಒಂದೋ ಅವಳು ಸೋಮಾರಿ, ಇಲ್ಲವೇ ಅವಳಿಗೆ ನಝರ್ ತಗುಲಿದೆ. ಆದರೆ ಸಹೋದರಿಯರೇ, ಮಲಗಿದರೆ ಹಾಯೆನಿಸಿ, ನಿಂತರೆ ತಲೆ ಮಂಕಾಗುವುದು ಒಂದು ಕಾಯಿಲೆಯ ಗುರುತಾಗಿರಬಹುದು.

ನಾವು ಎದ್ದು ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ತುಸು ವೇಗವಾಗಿ ಬಡಿಯುತ್ತದೆ, ಮೆದುಳಿಗೆ ರಕ್ತ ಹರಿಯುತ್ತಲೇ ಇರುತ್ತದೆ. ಅಲ್ಲಾಹನು ನಮ್ಮೊಳಗೆ ಇಟ್ಟಿರುವ ಈ ವ್ಯವಸ್ಥೆ ನಮ್ಮ ಅರಿವಿಗೇ ಬರುವುದಿಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ದೀರ್ಘಕಾಲದ ಬಳಲಿಕೆಯ ಕಾಯಿಲೆ ಇರುವ ಅನೇಕರಲ್ಲಿ ಇದೇ ಎಡವುತ್ತದೆ.

ನೆದರ್‌ಲ್ಯಾಂಡ್ಸ್‌ನ ವೈದ್ಯರು ಅಮೆರಿಕದ ಡಾ. ಪೀಟರ್ ರೋ ಅವರೊಂದಿಗೆ ಸೇರಿ 429 ರೋಗಿಗಳ ಅಧ್ಯಯನವೊಂದನ್ನು 2020ರಲ್ಲಿ ಪ್ರಕಟಿಸಿದರು. ರೋಗಿಯನ್ನು ಮಲಗಿಸಿ, ಮಂಚವನ್ನೇ ನಿಲ್ಲಿಸಿದಂತೆ ಮೇಲೆತ್ತಿ, ಕುತ್ತಿಗೆಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿದರು. ಮೆದುಳಿಗೆ ಹರಿಯುವ ರಕ್ತ ಆರೋಗ್ಯವಂತರಲ್ಲಿ ಶೇ. 7ರಷ್ಟು ಕಡಿಮೆಯಾದರೆ, ರೋಗಿಗಳಲ್ಲಿ ಸರಾಸರಿ ಶೇ. 26ರಷ್ಟು ಕಡಿಮೆಯಾಯಿತು. ನಾಡಿ ಮತ್ತು ಬಿ.ಪಿ. ಸರಿಯಾಗಿದ್ದ ರೋಗಿಗಳಲ್ಲೂ ಶೇ. 82 ಮಂದಿಗೆ ಈ ತೊಂದರೆಯಿತ್ತು. ಬಿ.ಪಿ. ನಾರ್ಮಲ್ ಎಂಬ ಚೀಟಿಯಿಂದ ಅವಳ ಮಾತು ಸುಳ್ಳಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗೆಂದು ಎಲ್ಲ ಸುಸ್ತೂ ಈ ಕಾಯಿಲೆಯಲ್ಲ. ನೆರೆಯ ಗೋವಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 2,494 ಮಹಿಳೆಯರ ಪೈಕಿ ಶೇ. 12 ಮಂದಿ ಆರು ತಿಂಗಳಿಗೂ ಮೀರಿದ ಬಳಲಿಕೆ ಹೇಳಿಕೊಂಡರು. ಬಡತನ, ಗಂಡನ ದೌರ್ಜನ್ಯ, ಮನೋವ್ಯಥೆಗಳೊಂದಿಗೆ ಅದಕ್ಕೆ ನಂಟು ಕಂಡುಬಂತು. ಆದ್ದರಿಂದ ಮೊದಲು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸಿಕೊಳ್ಳಿ. ಮನೆಯ ವಾತಾವರಣವನ್ನೂ ನೋಡಿಕೊಳ್ಳಿ. ಸುಸ್ತು ಆರು ತಿಂಗಳು ದಾಟಿದ್ದರೆ, ಸ್ವಲ್ಪ ದುಡಿದರೂ ಮರುದಿನ ಏಳಲಾಗದಿದ್ದರೆ, ನಿದ್ದೆಯಿಂದ ಚೇತರಿಕೆ ಸಿಗದಿದ್ದರೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ನಾಡಿ, ಬಿ.ಪಿ.ಗಳನ್ನು ಮಲಗಿಸಿ ಒಮ್ಮೆ, ಹತ್ತು ನಿಮಿಷ ನಿಲ್ಲಿಸಿ ಮತ್ತೊಮ್ಮೆ ನೋಡುವಂತೆ ಕೇಳಿ.

“ಓಡಾಡಿದರೆ ಎಲ್ಲ ಸರಿಹೋಗುತ್ತದೆ” ಎಂದು ದಬಾಯಿಸಬೇಡಿ. ವ್ಯಾಯಾಮವನ್ನು ಹಂತ ಹಂತವಾಗಿ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ 2021ರ ಮಾರ್ಗಸೂಚಿಯಿಂದಲೇ ಕೈಬಿಟ್ಟಿದೆ. ತರಕಾರಿ ಹೆಚ್ಚಲು, ರೊಟ್ಟಿ ಲಟ್ಟಿಸಲು ಕುಳಿತುಕೊಳ್ಳಲಿ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಕುಳಿತು ಏಳಲಿ. ನೀರು ಸಾಕಷ್ಟು ಕುಡಿಯಲಿ. ಉಪ್ಪು ಹೆಚ್ಚಿಸುವುದು ಕೆಲವರಿಗೆ ಒಳ್ಳೆಯದು, ಆದರೆ ವೈದ್ಯರನ್ನು ಕೇಳದೆ ಬೇಡ.

ಇನ್ನು ನಮಾಝ್. ಫರ್ಝ್ ನಮಾಝ್‌ನಲ್ಲಿ ನಿಲ್ಲುವುದು ಕಡ್ಡಾಯ, ಆದರೆ ಶಕ್ತಿಯಿದ್ದವರಿಗೆ. ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಬಹುದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಿಂತರೆ ತಲೆ ತಿರುಗಿ ಬೀಳುವಂತಿರುವ ಹೆಣ್ಣುಮಗಳು ಕುಳಿತು ನಮಾಝ್ ಮಾಡಿದರೆ ನಾವು ಹುಬ್ಬೇರಿಸುವುದೇಕೆ? ರಮಝಾನ್ ಉಪವಾಸದಲ್ಲೂ ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ವೈದ್ಯರು ಬೇಡವೆಂದರೆ ಬಿಡಲಿ. ನಂತರ ಕಝಾವೋ ಫಿದ್ಯಾವೋ ಎಂಬುದನ್ನು ಆಲಿಮರಲ್ಲಿ ಕೇಳಲಿ.

ಸಂಶಯಗಳಿಂದ ದೂರವಿರಬೇಕೆಂದು ಸೂರಃ ಅಲ್-ಹುಜುರಾತ್ ನಮಗೆ ಕಲಿಸುತ್ತದೆ. ಈ ಆದೇಶ ಬೀದಿಯವರಿಗೆ ಮಾತ್ರವಲ್ಲ, ಅತ್ತೆ, ನಾದಿನಿ, ಗಂಡನಿಗೂ ಅನ್ವಯಿಸುತ್ತದೆ. ಅವಳಿಗೆ ಒಂದು ತಾಯತಕ್ಕಿಂತ ಒಲೆಯ ಪಕ್ಕ ಒಂದು ಸ್ಟೂಲ್, ಮತ್ತು “ಕುಳಿತುಕೋ ಬೇಟಿ, ಉಳಿದದ್ದು ನಾನು ಮಾಡುತ್ತೇನೆ” ಎಂಬ ಒಂದು ಮಾತು ಹೆಚ್ಚು ಉಪಕಾರಿ.