ಚೌಕದೊಳಗೆ ಕೂರದ ಚಿತ್ರಗಳು

ಮಕ್ಕಳ ಚಿತ್ರಕಥೆಯಲ್ಲಿ ರಾಜಕೀಯ ಹುಡುಕಬೇಡಿ ಎನ್ನುವವರಿದ್ದಾರೆ. ಅವರು ಕಾರ್ಕಳದ ಅನಂತ ಪೈ ಕಟ್ಟಿ ಬೆಳೆಸಿದ ‘ಅಮರ ಚಿತ್ರಕಥೆ’ಯ ಹಳೆಯ ಸಂಚಿಕೆಗಳನ್ನೊಮ್ಮೆ ತಿರುವಿ ಹಾಕಲಿ. ವೀರನೆಂದರೆ ಬಿಳಿ ಮೈ, ನೀಳ ಮೂಗು. ರಾಕ್ಷಸನೆಂದರೆ ಕಪ್ಪು ಮೈ, ದಪ್ಪ ತುಟಿ. ಮಾತು ಓದುವ ಮೊದಲೇ ಕೆಟ್ಟವನಾರೆಂದು ಮಗು ತೀರ್ಮಾನಿಸಿಬಿಡುತ್ತದೆ. ಇದು ರಾಜಕೀಯವಲ್ಲದೆ ಮತ್ತೇನು?

ಈ ವ್ಯಾಕರಣವನ್ನು ಮುರಿದವರು ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅಂಬೇಡ್ಕರರ ಬದುಕು ಕುರಿತ ಅವರ ‘ಭೀಮಾಯಣ’ 2011ರಲ್ಲಿ ಬಂತು. ಅದರಲ್ಲಿ ಚೌಕಗಳಿಲ್ಲ. ಪಾತ್ರಗಳನ್ನು ಡಬ್ಬಿಯಲ್ಲಿ ತುಂಬಿದರೆ ಉಸಿರುಗಟ್ಟುತ್ತದೆಂಬುದು ಅವರ ನಿಲುವು. ಗೋಡೆ, ನೆಲದ ಮೇಲೆ ಬರೆಯುವ ‘ದಿಗ್ನಾ’ ವಿನ್ಯಾಸವೇ ಅಲ್ಲಿ ಪುಟವನ್ನು ಭಾಗಮಾಡುತ್ತದೆ. ಮೆದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ; ವಿಷದ ಮಾತಿಗೆ ಚೇಳಿನ ಕೊಂಡಿ. ನಂಜು ಇರುವುದು ನಾಲಿಗೆಯಲ್ಲಿ, ಮೈಬಣ್ಣದಲ್ಲಲ್ಲ ಎಂದು ಹೇಳಲು ಇದಕ್ಕಿಂತ ನೇರ ದಾರಿ ಯಾವುದಿದೆ?

ಇದು ನಮಗೆ ಪರಕೀಯವೂ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಗೆ ತೊಗಲುಗೊಂಬೆ ಗೊತ್ತು. ಒಂದೇ ತೊಗಲಿನಲ್ಲಿ ಇಡೀ ದೃಶ್ಯ ತುಂಬಿಸುವ ಕಲೆ ಅದು. ಅಲ್ಲಿ ಕಪ್ಪು ಮೈಯ ಕಿಳ್ಳೇಕ್ಯಾತ ಖಳನಲ್ಲ, ಎಲ್ಲರನ್ನೂ ನಗಿಸುವವನು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೇ ಗೊಂಬೆಗಳಲ್ಲಿ ಆಡಿಸಿ ತೋರಿಸಿದರು. ಆದರೂ ನಮ್ಮ ಶಾಲೆಯ ಮಗು ರಾಜನನ್ನು ಬರೆಯುವಾಗ ಮುಂಬಯಿ ಚಿತ್ರಕಥೆಯ ಮುಖವನ್ನೇ ಬರೆಯುತ್ತದೆ.

‘ಭೀಮಾಯಣ’ದ ಮೊದಲ ಭಾಗ ನೀರಿನದು. 1901ರಲ್ಲಿ ತಂದೆಯನ್ನು ಕಾಣಲು ಗೋರೆಗಾಂವಿಗೆ ಹೊರಟ ಬಾಲಕ ಭೀಮನಿಗೆ ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ. ಬರ ಕಂಡ ನಮ್ಮ ಸೀಮೆಗೆ ಆ ಬಾಯಾರಿಕೆಯನ್ನು ವಿವರಿಸಬೇಕಾಗಿಲ್ಲ. ಆದರೆ ಬರದಲ್ಲಿ ಮಳೆಯದು ತಪ್ಪು, ಅಲ್ಲಿ ಮನುಷ್ಯರದು.

ಮುಸ್ಲಿಮ್ ಓದುಗರು ಇನ್ನೂ ಒಂದು ಪ್ರಸಂಗವನ್ನು ನೋಡಬೇಕು. 1934ರಲ್ಲಿ ದೌಲತಾಬಾದ್ ಕೋಟೆಯ ತೊಟ್ಟಿಯ ನೀರಿನಲ್ಲಿ ಅಂಬೇಡ್ಕರರ ಸಂಗಡಿಗರಲ್ಲಿ ಕೆಲವರು ಮುಖ, ಕಾಲು ತೊಳೆದಾಗ, ನೀರು ಮೈಲಿಗೆಯಾಯಿತೆಂದು ಕೂಗಿದವರು ಮುಸ್ಲಿಮರು. ನಿಮ್ಮ ಧರ್ಮ ಕಲಿಸುವುದು ಇದನ್ನೇನು ಎಂದು ಅಂಬೇಡ್ಕರ್ ಅಂದು ಕೇಳಿದರು. ಆ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ. ಚಿತ್ರಕಥೆಗಳಲ್ಲಿ ನಮ್ಮನ್ನು ಖಳರನ್ನಾಗಿ ಬರೆಯುತ್ತಾರೆಂದು ದೂರುವ ನಾವು, ವುಝೂ ಮಾಡುವ ನೀರಿಗೂ ಮೈಲಿಗೆ ಅಂಟಿಸಿದ ಆ ದಿನವನ್ನು ಮಕ್ಕಳಿಂದ ಮುಚ್ಚಿಟ್ಟರೆ ನಮ್ಮ ದೂರಿಗೆ ಬೆಲೆಯಿಲ್ಲ.

ಹಳೆಯ ಸಂಚಿಕೆಗಳನ್ನು ಸುಡುವುದು ಬೇಡ, ನಿಷೇಧಿಸುವುದೂ ಬೇಡ. ಅವುಗಳ ಪಕ್ಕದಲ್ಲಿ ‘ಭೀಮಾಯಣ’ವನ್ನಿಡಿ. ಗೊಂಬೆಯಾಟದವರನ್ನು ಶಾಲೆಗೆ ಕರೆಸಿ. ಮಕ್ಕಳ ಕೈಗೆ ಕುಂಚ ಕೊಡಿ. ಚೌಕ ಗೀಚಿ ಮಾತ್ರ ಕೊಡಬೇಡಿ.